ಒಂಬತ್ತರ ಚರ್ಚೆ ಬಿಟ್ಟು ಹೊರಡುವ ಮುನ್ನ

ಪ್ರಶ್ನೆ: ಬೆಂಗಳೂರಿನ ಕನ್ನಡ ಸುದ್ದಿವಾಹಿನಿಯೊಂದರಲ್ಲಿ ಏಳು ವರ್ಷದಿಂದ ಇದ್ದೇನೆ. ಮೂರು ವರ್ಷದಿಂದ ರಾತ್ರಿ ಒಂಬತ್ತರ ಚರ್ಚೆ ನನ್ನದು. ಈಚೆಗೆ ನಮ್ಮ ತಂಡದ ತನಿಖಾ ವರದಿಯೊಂದನ್ನು ಜಾಹೀರಾತುದಾರರೊಬ್ಬರ ಕಾರಣಕ್ಕೆ ಕೈಬಿಟ್ಟರು. ಅಷ್ಟರಲ್ಲಿ ಇನ್ನೊಂದು ವಾಹಿನಿಯಿಂದ ಕರೆ ಬಂದಿದೆ, ಹೋಗಲು ಮನಸ್ಸು ಮಾಡಿದ್ದೇನೆ. ನನ್ನನ್ನು ಬೆಳೆಸಿದ ಸಂಪಾದಕರಿಗೆ ಹೇಗೆ ಹೇಳಲಿ? ಡೆಸ್ಕಿನ ಇಬ್ಬರು ಹುಡುಗರು ‘ಅಕ್ಕಾ, ನಾವೂ ನಿಮ್ಮ ಜೊತೆ ಬರ್ತೀವಿ’ ಎನ್ನುತ್ತಿದ್ದಾರೆ. ಕೊನೆಯ ದಿನ ನೇರಪ್ರಸಾರದಲ್ಲಿ ನಿಜ ಹೇಳಿಯೇ ಎದ್ದು ಬರಬೇಕು ಅನ್ನಿಸುತ್ತದೆ. ಹೇಳದಿದ್ದರೆ ವೀಕ್ಷಕರಿಗೆ ಮೋಸ, ಹೇಳಿದರೆ ಉಂಡ ಮನೆಗೆ ದ್ರೋಹ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನೇರಪ್ರಸಾರದಲ್ಲಿ ಹೇಳಬೇಡಿ. ವಾಹಿನಿಯ ಮಾನ ಕಾಯಲಿಕ್ಕೆ ಈ ಮಾತು ಹೇಳುತ್ತಿಲ್ಲ, ಆ ವರದಿಯ ಮಾನ ಉಳಿಯಲಿ ಎಂದು ಹೇಳುತ್ತಿದ್ದೇವೆ. ದಾಖಲೆ, ಬೈಟು (ಕ್ಯಾಮೆರಾ ಮುಂದಿನ ಹೇಳಿಕೆ), ಎದುರು ಪಕ್ಷದ ಪ್ರತಿಕ್ರಿಯೆ ಎಲ್ಲ ಸೇರಿ ಅರ್ಧ ಗಂಟೆ ನಿಲ್ಲಬೇಕಿದ್ದ ಸುದ್ದಿ, ವಿದಾಯದ ಭರದಲ್ಲಿ ಎರಡು ವಾಕ್ಯದ ಆರೋಪವಾಗಿ ಹೊರಬೀಳುತ್ತದೆ. ಎರಡನೆಯ ವಾಕ್ಯ ಮುಗಿಯುವ ಮೊದಲೇ ಪಿಸಿಆರ್ ಎಂಬ ಪ್ರಸಾರ ನಿಯಂತ್ರಣ ಕೊಠಡಿಯಲ್ಲಿ ಕೂತವರು ಮೈಕ್ ಇಳಿಸಿ ಬ್ರೇಕ್‌ಗೆ ಹೋಗುತ್ತಾರೆ. ಆ ಬಟನ್ ತಡವಾಗಿ ಒತ್ತಿದ ಹುಡುಗನಿಗೆ ಮರುದಿನ ಮೆಮೊ. ಬೆಳಿಗ್ಗೆ ಊರೆಲ್ಲ ಸುತ್ತುವುದು ‘ಕಣ್ಣೀರಿಟ್ಟ ನಿರೂಪಕಿ’ ಎಂಬ ಥಂಬ್‌ನೇಲ್. ಅದು ಹೇಗೆ ತಯಾರಾಗುತ್ತದೆ ಎಂದು ನಿಮಗೆ ನಾವು ಹೇಳಿಕೊಡಬೇಕಿಲ್ಲ. ಜಾಹೀರಾತುದಾರರ ಹೆಸರು ಎತ್ತಿದಿರೋ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳಬಹುದು. ‘ಸತ್ಯ, ಸಾರ್ವಜನಿಕ ಹಿತ’ ಎಂಬ ರಕ್ಷಣೆ ಇದೆ, ಆದರೆ ಅದನ್ನು ನೀವೇ ಸಾಬೀತು ಮಾಡಬೇಕು, ಅದೂ ಹಳೆಯ ಆಫೀಸಿನ ಸರ್ವರಿನಲ್ಲಿ ಉಳಿದ ದಾಖಲೆಗಳಿಲ್ಲದೆ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಗಂಟು ಬಿದ್ದಿವೆ: ಕೆಲಸ ಬಿಡುವುದು ಒಂದು, ವರದಿ ಸತ್ತದ್ದು ಇನ್ನೊಂದು. ಬಿಡಿಸಿ ನೋಡಿ.

ಮೊದಲು ವರದಿ. ಅದನ್ನು ಯಾಕೆ ಕೈಬಿಟ್ಟಿರಿ ಎಂದು ಸಂಪಾದಕರಿಗೆ ಈ ವಾರವೇ ಆಫೀಸ್ ಮೇಲ್‌ನಲ್ಲಿ ಕೇಳಿ. ಒಂದು ಪ್ಯಾರಾ ಸಾಕು, ಕೋಪ ಬೇಡ. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಅದು ಹೊರಡುವವಳ ಸಿಟ್ಟು ಎನಿಸಿಕೊಳ್ಳುತ್ತದೆ. ಉತ್ತರ ಬರದೆಯೂ ಇರಬಹುದು, ಕೇಳಿದ್ದಂತೂ ದಾಖಲೆಯಾಗುತ್ತದೆ. ಆಮೇಲೆ, ನಿಮ್ಮನ್ನು ನಂಬಿ ಮಾತಾಡಿದ ಮೂಲಗಳಿಗೆ ನೀವೇ ಫೋನ್ ಮಾಡಿ ‘ಇದು ಪ್ರಸಾರವಾಗುತ್ತಿಲ್ಲ, ನಾನೂ ಇಲ್ಲಿಂದ ಹೋಗುತ್ತಿದ್ದೇನೆ’ ಎಂದು ತಿಳಿಸಿ. ವಾಹಿನಿಯ ಒಳಗೆ ಅಧಿಕೃತವಾಗಿ ಗೊತ್ತಾದ ದಿನವೇ ಈ ಫೋನ್ ಹೋಗಲಿ. ಅವರು ಕೊಟ್ಟ ಮೂಲ ಕಾಗದಗಳನ್ನು ಅವರಿಗೇ ಮರಳಿಸಿ. ಹ್ಯಾಂಡೋವರ್ ಪಟ್ಟಿಯಲ್ಲಿ ಅವರ ಹೆಸರು, ನಂಬರ್ ಬರಕೂಡದು. ನಿಮ್ಮ ಜಾಗಕ್ಕೆ ಬರುವವರು ಎಷ್ಟೇ ಒಳ್ಳೆಯವರಾಗಿರಲಿ, ಆ ನಂಬಿಕೆ ವರ್ಗಾವಣೆಯಾಗುವ ವಸ್ತುವಲ್ಲ. ನಮ್ಮ ಲೆಕ್ಕದಲ್ಲಿ ನಿಮ್ಮ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಇಲ್ಲಿ, ಕ್ಯಾಮೆರಾ ಮುಂದಿನ ಕೊನೆಯ ನಿಮಿಷದಲ್ಲಿ ಅಷ್ಟಾಗಿ ಇಲ್ಲ.

ಫುಟೇಜ್, ಸ್ಕ್ರಿಪ್ಟ್, ರಾ ಬೈಟು ಯಾವುದನ್ನೂ ಪೆನ್‌ಡ್ರೈವ್‌ಗೆ ಇಳಿಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಸಂಸ್ಥೆಯೇ ಮೊದಲ ಒಡೆಯ. ಆದರೆ ಸಂಗತಿಗಳಿಗೆ ಹಕ್ಕುಸ್ವಾಮ್ಯವಿಲ್ಲ. ಹೊಸ ಜಾಗಕ್ಕೆ ಹೋದ ಮೇಲೆ ಅದೇ ಜನರನ್ನು ಮತ್ತೆ ಭೇಟಿ ಮಾಡಿ, ಸರ್ಕಾರಿ ದಾಖಲೆಗೆ ಮಾಹಿತಿ ಹಕ್ಕಿನಡಿ ಹೊಸ ಅರ್ಜಿ ಹಾಕಿ, ವರದಿಯನ್ನು ಮೊದಲಿನಿಂದ ಕಟ್ಟಿ. ಸ್ಟುಡಿಯೋದಲ್ಲಿ ಕೂಗುವುದಕ್ಕಿಂತ ವೀಕ್ಷಕರಿಗೆ ಅದರಿಂದ ಹೆಚ್ಚು ಉಪಯೋಗ.

ಇನ್ನು ಸಂಪಾದಕರು. ಹೊಸ ವಾಹಿನಿಯ ಸಹಿ ಬಿದ್ದ ಆಫರ್ ಲೆಟರ್ ಕೈಗೆ ಬರುವ ತನಕ ಯಾರಿಗೂ ಬಾಯಿ ಬಿಡಬೇಡಿ. ಬಂದ ಮೇಲೆ ಮೊದಲು ತಿಳಿಯಬೇಕಾದವರು ಅವರೇ. ಬೆಂಗಳೂರಿನ ನ್ಯೂಸ್‌ರೂಮುಗಳಲ್ಲಿ ಇಂಥ ಸುದ್ದಿ ಮಧ್ಯಾಹ್ನದ ಊಟದೊಳಗೆ ಮೂರು ವಾಹಿನಿ ದಾಟುತ್ತದೆ. ವಾಟ್ಸಾಪ್ ಫಾರ್ವರ್ಡ್‌ನಲ್ಲಿ ಅವರಿಗೆ ಗೊತ್ತಾದರೆ ಏಳು ವರ್ಷದ ಋಣವನ್ನು ಯಾವ ಮಾತೂ ತೀರಿಸದು. ಬೆಳಗಿನ ಮೀಟಿಂಗ್ ಮುಗಿದು ಗೆಸ್ಟ್‌ಗಳಿಗೆ ಫೋನ್ ಹಚ್ಚುವ ಗಡಿಬಿಡಿ ಶುರುವಾಗುವ ಮೊದಲಿನ ಹೊತ್ತು ಒಳ್ಳೆಯದು. ಗುರುವಾರ ಬೇಡ. ಯಾವ ವಾಹಿನಿಯನ್ನು ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿ ಬರುವ ದಿನ ಯಾರ ತಲೆಯೂ ನೆಟ್ಟಗಿರುವುದಿಲ್ಲ, ಅಂಕಿ ಇಳಿದಿದ್ದರೆ ನಿಮ್ಮ ನಿರ್ಧಾರಕ್ಕೆ ಬೇರೆಯೇ ಅರ್ಥ ಕಟ್ಟುತ್ತಾರೆ.

ಮಾತು ಇಷ್ಟೇ ಸಾಕು: ‘ಸರ್, ಬೇರೆ ಕಡೆ ಹೋಗೋದು ಅಂತ ತೀರ್ಮಾನ ಮಾಡಿದೀನಿ. ಬೇರೆಯವರಿಂದ ಗೊತ್ತಾಗೋ ಮೊದಲು ನಿಮಗೆ ಹೇಳಬೇಕಿತ್ತು. ಆ ಸ್ಟೋರಿ ನಿಲ್ಲಿಸಿದ್ದು ನನಗೆ ಬೇಜಾರಾಗಿದೆ, ಅದೂ ಒಂದು ಕಾರಣ.’ ಕಾರಣವನ್ನು ಅವರ ಮುಖಕ್ಕೆ ಹೇಳಿ, ಬೆನ್ನ ಹಿಂದೆ ಹೇಳಬೇಡಿ. ಸಂಬಳ ಏರಿಸುತ್ತೇವೆ ಎಂದಾರು, ಹೊಸ ಹುದ್ದೆ ಕೊಡುತ್ತೇವೆ ಎಂದಾರು. ಒಪ್ಪಿಕೊಂಡರೆ, ವರದಿಯ ವಿಚಾರದಲ್ಲಿ ನೀವು ಇನ್ನು ಮುಂದೆ ಆಡುವ ಮಾತಿಗೆ ತೂಕ ಇರುವುದಿಲ್ಲ. ಚೇಂಬರಿನಿಂದ ಹೊರಬಂದ ತಕ್ಷಣ ರಾಜೀನಾಮೆ ಮೇಲ್ ಕಳಿಸಿ: ಹುದ್ದೆ, ದಿನಾಂಕ, ನೋಟಿಸ್ ಪೀರಿಯಡ್ ಲೆಕ್ಕದಲ್ಲಿ ಕೊನೆಯ ಕೆಲಸದ ದಿನ, ಕೆಲಸ ಒಪ್ಪಿಸಿ ಹೋಗುವ ಭರವಸೆ. ಕಾರಣ ಬರೆಯಬೇಕಾಗಿಲ್ಲ. ಮಾನವ ಸಂಪನ್ಮೂಲ ವಿಭಾಗದಿಂದ ಸ್ವೀಕೃತಿ ಪಡೆಯುವುದು ಮರೆಯಬೇಡಿ, ಸಂಪಾದಕರು ‘ನೋಡೋಣ ಬಿಡಮ್ಮ’ ಎಂದದ್ದು ಸ್ವೀಕೃತಿ ಅಲ್ಲ.

ಇದಕ್ಕೆಲ್ಲ ಮೊದಲು ನಿಮ್ಮ ಕರಾರು ತೆಗೆದು ಓದಿ. ‘ಬಿಟ್ಟ ಮೇಲೆ ಒಂದು ವರ್ಷ ಬೇರೆ ವಾಹಿನಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ’ ಎಂಬ ಸಾಲಿದ್ದರೆ ಗಾಬರಿ ಬೇಡ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅಂಥ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ನೋಟಿಸ್ ಪೀರಿಯಡ್ ಮುಗಿಯುವ ತನಕ ನೀವು ಅವರ ನೌಕರಳೇ. ಆ ಅವಧಿಯಲ್ಲಿ ಹೊಸ ವಾಹಿನಿಗೆ ಪ್ರೊಮೊ ಶೂಟ್ ಮಾಡಿಕೊಟ್ಟರೆ ತಪ್ಪು ಪೂರ್ತಿ ನಿಮ್ಮದು. ರಿಲೀವಿಂಗ್ ದಿನಾಂಕಕ್ಕೆ ಮೊದಲು ನನ್ನ ಮುಖ ಹಾಕಬೇಡಿ ಎಂದು ಹೊಸಬರಿಂದ ಬರಹದಲ್ಲೇ ಒಪ್ಪಿಗೆ ಪಡೆಯಿರಿ.

ನಿಮಗೆ ಬರುವುದು ನೌಕರಿಯ ಸಂಬಳವೋ, ಕನ್ಸಲ್ಟೆಂಟ್‌ಗೆ ಕೊಡುವ ಶುಲ್ಕವಾದ ರಿಟೇನರೋ ಎಂಬುದನ್ನು ನೀವು ಬರೆದಿಲ್ಲ, ಅದರ ಮೇಲೆ ಬಹಳ ನಿಂತಿದೆ. ಪಿಎಫ್ ಕಡಿತವಾಗಿ ಸಂಬಳ ಬರುತ್ತಿದ್ದರೆ ಏಳು ವರ್ಷಕ್ಕೆ ಗ್ರಾಚ್ಯುಟಿ ನಿಮ್ಮ ಹಕ್ಕು. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಲೆಕ್ಕಕ್ಕೆ ಬರುವ ವೇತನ 60,000 ಇದ್ದರೆ ಸುಮಾರು 2.42 ಲಕ್ಷ ರೂಪಾಯಿ, 30 ದಿನದೊಳಗೆ ಬರಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಪ್ರತಿ ತಿಂಗಳು ಶೇ. 10 ಟಿಡಿಎಸ್ ಹಿಡಿದು ‘ಕನ್ಸಲ್ಟೆಂಟ್’ ಎಂದು ಕೊಡುತ್ತಿದ್ದರೆ ಇವುಗಳನ್ನು ಪಡೆಯುವುದು ಕಷ್ಟ. ಕರಾರನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಿ.

ಬಹಳ ಜನ ಎಡವುವುದು ಫೋನಿನಲ್ಲಿ. ಸಿಮ್ ಆಫೀಸಿನದಾಗಿದ್ದರೆ ನಿಮ್ಮ ಬ್ಯಾಂಕು, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲದರ ಒಟಿಪಿ ಅದಕ್ಕೇ ಬರುತ್ತಿರುತ್ತದೆ. ನಂಬರ್ ನಿಮಗೆ ಬೇಕಿದ್ದರೆ ಕಂಪನಿಯ ಒಪ್ಪಿಗೆ ಪತ್ರ ಪಡೆದು ಹೆಸರು ಬದಲಿಸಿಕೊಳ್ಳಿ, ಇಲ್ಲವೇ ಎಲ್ಲ ಖಾತೆಗಳನ್ನೂ ಸ್ವಂತ ನಂಬರಿಗೆ ಮೊದಲೇ ಸಾಗಿಸಿ. ವಾಹಿನಿ ಹೆಸರಿನ ಪೇಜುಗಳ ಪಾಸ್‌ವರ್ಡ್ ಒಪ್ಪಿಸಿ, ಅಡ್ಮಿನ್ ಪಟ್ಟಿಯಿಂದ ಹೊರಬಂದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಾರ್ಯಕ್ರಮದ ಹೆಸರನ್ನೂ ಒಯ್ಯಬೇಡಿ. ಅರ್ನಬ್ ಗೋಸ್ವಾಮಿ 2016ರಲ್ಲಿ ಟೈಮ್ಸ್ ನೌ ಬಿಟ್ಟ ಮೇಲೆ ಹೆಸರು, ಅಡಿಬರಹಗಳ ಜಗಳ ದೆಹಲಿ ಹೈಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್‌ನಲ್ಲಿ ಕೋರ್ಟು, ಟೈಮ್ಸ್ ನೌ ಕಾರ್ಯಕ್ರಮದ ‘ನ್ಯೂಸ್ ಅವರ್’ ಹೆಸರು ಬಳಸದಂತೆ ಅವರ ಹೊಸ ವಾಹಿನಿ ರಿಪಬ್ಲಿಕ್ ಟಿವಿಯನ್ನು ತಡೆಯಿತು.

ಇನ್ನೊಂದು ಕಾಗದ ಕೇಳುವುದನ್ನು ಎಷ್ಟೋ ನಿರೂಪಕರು ಮರೆಯುತ್ತಾರೆ. ನೀವು ನಡೆಸಿದ ಚರ್ಚೆಗಳ ಮೇಲೆ ಕೇಸು, ಲೀಗಲ್ ನೋಟಿಸು ಬಾಕಿ ಇದ್ದರೆ ಸಮನ್ಸ್ ನಿಮ್ಮ ಮನೆ ಬಾಗಿಲಿಗೂ ಬರುತ್ತದೆ. ಅಲ್ಲಿದ್ದಾಗ ಮಾಡಿದ ಕಾರ್ಯಕ್ರಮಗಳ ವಕೀಲರ ಖರ್ಚು ವಾಹಿನಿಯದೇ ಎಂದು ಪತ್ರ ಬರೆಸಿಕೊಳ್ಳಿ. ಸೌಹಾರ್ದದಿಂದ ಹೊರಡುವವರಿಗೆ ಮಾತ್ರ ಅದು ಸುಲಭವಾಗಿ ಸಿಗುತ್ತದೆ.

ಆ ಇಬ್ಬರು ಹುಡುಗರನ್ನು ಸದ್ಯಕ್ಕೆ ಕರೆದೊಯ್ಯಬೇಡಿ. ಸಹೋದ್ಯೋಗಿಗಳನ್ನು ಸೆಳೆಯಬಾರದೆಂಬ ಷರತ್ತು ಕರಾರಿನಲ್ಲಿ ಇರಬಹುದು. ಇಲ್ಲದಿದ್ದರೂ ಒಂದೇ ವಾರದಲ್ಲಿ ಒಂಬತ್ತರ ತಂಡ ಖಾಲಿ ಮಾಡುವುದು ಸರಿಯಲ್ಲ. ಯಾವ ಕೆಲಸ ಯಾರು ಮಾಡುತ್ತಿದ್ದರು ಎಂದು ಹ್ಯಾಂಡೋವರ್ ಟಿಪ್ಪಣಿಯಲ್ಲಿ ಹೆಸರು ಹಾಕಿ ಬರೆಯಿರಿ, ಮುಂದಿನ ಅಪ್ರೈಸಲ್‌ನಲ್ಲಿ ಅವರಿಗೆ ಅದೇ ಆಧಾರ. 2010ರ ಜನವರಿಯಲ್ಲಿ ಅಮೆರಿಕದ ಟಿವಿ ನಿರೂಪಕ ಕೋನನ್ ಒಬ್ರಿಯನ್ ಎನ್‌ಬಿಸಿ ಬಿಟ್ಟಾಗ, ವರದಿಯಾದ ಸುಮಾರು 45 ದಶಲಕ್ಷ ಡಾಲರ್ ಒಪ್ಪಂದದಲ್ಲಿ 12 ದಶಲಕ್ಷದಷ್ಟು ಸಿಬ್ಬಂದಿಗೆ ಮೀಸಲಾಗಿತ್ತು. ನಿಮ್ಮ ಕೈಯಲ್ಲಿ ಅಷ್ಟು ಹಣವಿಲ್ಲ, ಟಿಪ್ಪಣಿ ಬರೆಯುವ ಪೆನ್ನಂತೂ ಇದೆ.

ವಿದಾಯಕ್ಕೆ ಅರ್ಧ ನಿಮಿಷ ಸಾಕು. ಬರೆದು, ಸಂಪಾದಕರಿಗೆ ತೋರಿಸಿ, ಪ್ರಾಂಪ್ಟರ್‌ಗೆ ಹಾಕಿಸಿ, ಕೊನೆಯ ಬ್ರೇಕ್ ಆದ ಮೇಲೆ ಓದಿ: ‘ಮೂರು ವರ್ಷದಿಂದ ಈ ಹೊತ್ತಿಗೆ ನಿಮ್ಮ ಮನೆಗೆ ಬರುತ್ತಿದ್ದೆ. ಇಲ್ಲಿ ಇದು ನನ್ನ ಕೊನೆಯ ಕಾರ್ಯಕ್ರಮ, ಬೇರೆ ಕೆಲಸಕ್ಕೆ ಹೋಗುತ್ತಿದ್ದೇನೆ. ತಪ್ಪಿದಾಗ ತಿದ್ದಿದ ನಿಮಗೆ, ಕ್ಯಾಮೆರಾ ಹಿಂದಿದ್ದ ತಂಡಕ್ಕೆ ಕೃತಜ್ಞಳು. ನಮಸ್ಕಾರ.’ ಆರೋಗ್ಯ, ಮನೆ, ಮಕ್ಕಳು ಎಂದು ಸುಳ್ಳು ಕಾರಣ ಕೊಡಬೇಡಿ. ‘ಕೆಲವು ಸತ್ಯಗಳಿಗೆ ಇಲ್ಲಿ ಜಾಗವಿಲ್ಲ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವುದು ಇನ್ನೂ ಕೆಟ್ಟದ್ದು, ಅಲ್ಲಿ ಉಳಿಯುವ ಎಲ್ಲರ ಮೇಲೂ ಅದರ ಮಸಿ ಬೀಳುತ್ತದೆ.

ಈ ಅರ್ಧ ನಿಮಿಷ ಸಿಗದೆಯೂ ಹೋಗಬಹುದು. ಪ್ರತಿಸ್ಪರ್ಧಿಯ ಬಳಿಗೆ ಹೋಗುತ್ತಿದ್ದೀರಿ ಎಂದು ಗೊತ್ತಾದ ಸಂಜೆಯೇ ಆಫ್ ಏರ್ ಮಾಡಿ, ನೋಟಿಸ್ ಅವಧಿಯನ್ನು ಮನೆಯಲ್ಲಿ ಕಳೆಯಿರಿ ಎನ್ನುವುದುಂಟು. ಸಂಬಳ ಬರುತ್ತಿದ್ದರೆ ಜಗಳ ಬೇಡ. ರಿಲೀವಿಂಗ್ ಲೆಟರ್ ಕೈಸೇರಿದ ಮೇಲೆ ಅದೇ ವಾಕ್ಯಗಳನ್ನು ನಿಮ್ಮ ಖಾತೆಯಲ್ಲಿ ಹಾಕಿ. ಕೆಳಗೆ ‘ಮೇಡಂ, ನಿಮ್ಮನ್ನ ಯಾಕೆ ತೆಗೆದ್ರು?’ ಎಂದು ಯಾರಾದರೂ ಕೇಳಿದರೆ, ‘ತೆಗೆದಿಲ್ಲ, ನಾನೇ ರಾಜೀನಾಮೆ ಕೊಟ್ಟೆ’ ಎಂದು ಒಂದೇ ಒಂದು ಸಲ ಉತ್ತರ ಬರೆದು, ಕಾಮೆಂಟ್ ಓದುವುದನ್ನು ನಿಲ್ಲಿಸಿ.