ಅತ್ತೆಗೆ ಹೇಳದೇ ಉಳಿದ ಮಾತು

ಪ್ರಶ್ನೆ: ನನಗೆ 33 ವರ್ಷ. ಬೆಂಗಳೂರಿನಲ್ಲಿ ಕಂಪನಿ ಕೆಲಸ. ಹೆರಿಗೆ ರಜೆ ಮುಗಿದಾಗ ಹಾಸನದ ಕಡೆಯ ಹಳ್ಳಿಯಿಂದ ಅತ್ತೆ ಬಂದರು. ನಾಲ್ಕು ವರ್ಷ ಮಗಳನ್ನು ಅವರೇ ನೋಡಿಕೊಂಡರು. ಆಡಿಟ್ ಸಮಯದಲ್ಲಿ ಅವಳಿಗೆ ಜ್ವರ ಬಂದಾಗ ರಾತ್ರಿಯಿಡೀ ಎದ್ದಿದ್ದವರೂ ಅವರೇ. ಆದರೆ ನಾನು ತಡವಾಗಿ ಬಂದರೆ ಕಟಕಿ ಆಡುತ್ತಿದ್ದರು, ನಾನೂ ಮುಖ ಗಂಟಿಕ್ಕುತ್ತಿದ್ದೆ. ಮಗಳು ಸ್ಕೂಲಿಗೆ ಸೇರಿದ ಮೇಲೆ ಊರಿಗೆ ಹೋದರು. 'ಕೆಲಸ ಮುಗೀತು, ಇನ್ನು ನಾನ್ಯಾಕೆ' ಎಂದು ನಾದಿನಿ ಹತ್ತಿರ ಅತ್ತರಂತೆ. 'ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?' ಅಂತಾರೆ ನನ್ನ ಗಂಡ. ಒಂದು ರೇಷ್ಮೆ ಸೀರೆ ಕಳಿಸಲಾ?

ಉತ್ತರ: ಸೀರೆ ಕಳಿಸಿ, ಬೇಡ ಅನ್ನಲ್ಲ. ಆದರೆ ಸೀರೆ ಹಬ್ಬಕ್ಕೂ ಬರುತ್ತದೆ, ಗೃಹಪ್ರವೇಶಕ್ಕೂ ಬರುತ್ತದೆ. ಬೀರು ಸೇರಿದ ಮೇಲೆ ಯಾವುದು ಯಾತಕ್ಕೆ ಬಂತು ಎಂದು ಯಾರಿಗೆ ನೆನಪು? ತಾವು ಪಟ್ಟ ಪಾಡು ನಿಮ್ಮ ಕಣ್ಣಿಗೆ ಬಿದ್ದಿತ್ತಾ ಅನ್ನುವುದೇ ಅವರ ಸಂಕಟ.

ಅವರು ಮಾಡಿದ್ದು ಸಣ್ಣದಲ್ಲ. 2017ರ ತಿದ್ದುಪಡಿ ಆದ ಮೇಲೆ ಕಾನೂನು ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕೊಡುತ್ತದೆ. 27ನೇ ವಾರ ಮಗು ಎಲ್ಲಿರಬೇಕು? 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. (ನಿಮ್ಮ ಆಫೀಸಿನಲ್ಲಿ ಇದೆಯಾ? ಸುಮ್ನೆ ಕೇಳಿದೆ.) ನಿಮ್ಮ ಮನೆಯಲ್ಲಿ ಆ ಹೊಣೆ ಹೊತ್ತವರು ಅತ್ತೆ. ಊರು, ಹಿತ್ತಲು, ಮಾತಾಡಲು ಇದ್ದ ಅಕ್ಕಪಕ್ಕದವರು, ಎಲ್ಲ ಬಿಟ್ಟು ಬಂದು.

ಕಟಕಿ ಮಾತು ನೋಯಿಸಿದ್ದೂ ನಿಜ. ಅದನ್ನು ಮರೆಯಿರಿ ಅಂತ ಹೇಳಲ್ಲ. ಆದರೆ ಅಂಗಡಿ ಲೆಕ್ಕದ ಹಾಗೆ ಇದಕ್ಕೆ ಅದನ್ನು ವಜಾ ಹಾಕಿಕೊಳ್ಳಬೇಡಿ. ಬೈದವರೂ ಅವರೇ, ರಾತ್ರಿ ಎದ್ದು ಕೂತವರೂ ಅವರೇ.

'ಈಗ ಹೋಗಿ ಹೇಳಿದರೆ ನಾಟಕ ಅನ್ನಿಸಲ್ವಾ' ಅಂತ ನಿಮಗೆ ಮುಜುಗರ ಇರಬಹುದು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲೀ ಎಂಬ ಸಂಶೋಧಕರು ಅಮೆರಿಕದಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿದ್ದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಬರೆದವರು ಊಹಿಸಿದ್ದಕ್ಕಿಂತ ಓದಿದವರಿಗೆ ಮುಜುಗರ ಕಡಿಮೆ, ಖುಷಿ ಜಾಸ್ತಿ. ಮಾತು ಸರಿಯಾಗಿ ಜೋಡಿಸಿದ್ದೇವಾ ಎಂದು ಬರೆದವರಿಗೆ ಚಿಂತೆ. ಓದಿದವರು ಗಮನಿಸಿದ್ದು ಅದರೊಳಗಿನ ಅಕ್ಕರೆಯನ್ನು. ನಮ್ಮ ಅತ್ತೆಯಂದಿರನ್ನು ಆ ಸಂಶೋಧಕರು ಕಂಡಿರಲಿಲ್ಲ ಬಿಡಿ, ಆದರೂ ಇಲ್ಲಿ ಬೇರೆ ಥರ ಆಗುತ್ತದೆ ಎಂದು ನನಗನ್ನಿಸುವುದಿಲ್ಲ.

ಒಂದು ಭಾನುವಾರ ಮೂವರೂ ಊರಿಗೆ ಹೋಗಿ. 'ಎಲ್ಲದಕ್ಕೂ ಥ್ಯಾಂಕ್ಸ್ ಅತ್ತೆ' ಅಂದರೆ 'ಅಯ್ಯೋ ಬಿಡಮ್ಮ' ಅಂತ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಗಂಡನ ಅನುಮಾನ ಅಷ್ಟರ ಮಟ್ಟಿಗೆ ಸರಿ. ಅದರ ಬದಲು ಆ ಜ್ವರದ ರಾತ್ರಿಯ ಮಾತು ತೆಗೆಯಿರಿ. 'ಅವತ್ತು ನೀವಿಲ್ಲದಿದ್ರೆ ನಾನು ಕೆಲಸ ಬಿಡಬೇಕಿತ್ತು ಅತ್ತೆ' ಅನ್ನಿ. ಅಷ್ಟು ಸಾಕು. ಅದರ ಬೆನ್ನಿಗೇ 'ಮತ್ತೆ ಯಾವಾಗ ಬರ್ತೀರಿ' ಅಂತ ಮಾತ್ರ ಕೇಳಬೇಡಿ. ಮಗು ನೋಡಿಕೊಳ್ಳಲು ಕರೆಯೋಕೆ ಬಂದಿದ್ದಾರೆ ಅಂದುಕೊಂಡಾರು.

'ಈಗ ನೆನಪಾಯ್ತಾ?' ಎಂದು ಅವರು ಚುಚ್ಚಲೂಬಹುದು. 'ಹೌದತ್ತೆ, ತಡವಾಯ್ತು' ಅನ್ನಿ. ವಾದಕ್ಕೆ ಇಳಿಯಬೇಡಿ. ಆಮೇಲೆ ಫೋನ್ ಮಾಡುವಾಗಲೂ ಮಗಳ ಕೈಗೆ ಕೊಟ್ಟು ಒಳಗೆ ಹೋಗಬೇಡಿ. ಮಂಡಿನೋವು ಹೇಗಿದೆ, ಮಳೆ ಬಂತಾ ಅಂತ ನೀವೂ ನಾಲ್ಕು ಮಾತಾಡಿ.

ಇನ್ನು ನಿಮ್ಮ ಗಂಡ. ಅವರ ಪರವಾಗಿ ನೀವು ಏನೂ ಹೇಳಬೇಡಿ. ಅವರಿಗೂ ಬಾಯಿದೆ, ಅವರ ಅಮ್ಮನ ಹತ್ತಿರ ಅವರೇ ಕೂತು ಮಾತಾಡಲಿ.