ವೈದ್ಯರಿಗೆ ಸಮಾಜಶಾಸ್ತ್ರ, ಸಾಹಿತ್ಯ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು: ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕಥೆ, ಇತಿಹಾಸ, ಸಮಾಜಶಾಸ್ತ್ರ ಹೇಳಿಕೊಡುವ ‘ಮೆಡಿಕಲ್ ಹ್ಯುಮ್ಯಾನಿಟೀಸ್’‌ನಿಂದ ರೋಗಿಗೆ ನಿಜವಾಗಿ ಏನಾದರೂ ಉಪಯೋಗವಿದೆಯೇ? ಇದೆ. ತುಮಕೂರು ಜಿಲ್ಲೆಯ ಕ್ಷಯರೋಗಿಗಳ ವಿಷಯವನ್ನೇ ನೋಡಿ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ, ಕೆಮ್ಮು ಬಂದರೂ ಸುಮ್ಮನಿರುತ್ತಾರೆ, ನಾವೇ ಎಕ್ಸ್‌ರೇ ವಾಹನ ತೆಗೆದುಕೊಂಡು ಹೋಗಿ ಹುಡುಕಬೇಕು ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು ರೋಗಿಗಳ ಬಾಯಿಂದಲೇ ಕೇಳಿ ತಿಳಿಯಲು ಹೊರಟರು. ಸಮೀಕ್ಷೆಯಲ್ಲಿ ಪತ್ತೆಯಾದ ತುಮಕೂರು ಜಿಲ್ಲೆಯ ರೋಗಿಗಳ ಮನೆಗೆ ಹೋಗಿ, ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಆ ಭಾವನೆಯನ್ನೇ ತಲೆಕೆಳಗು ಮಾಡಿತು. ಬಹುಪಾಲು ಜನರಿಗೆ ತಮ್ಮ ಮೈ ಸರಿಯಿಲ್ಲವೆಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಕಫ ಪರೀಕ್ಷೆಯಾಗದೆ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾದವರೇ ಬಹಳ.

ತಪ್ಪು ಇದ್ದದ್ದು ಆಸ್ಪತ್ರೆಯಲ್ಲಿ, ದೂರು ಹೋಗಿದ್ದು ಹಳ್ಳಿಯವರ ಮೇಲೆ. ಕೆಮ್ಮು ಎಂದು ತಾವಾಗಿ ಬಂದವರ ಕಫವನ್ನು ಊರಿನ ಮಾಮೂಲಿ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಅಲ್ಲೇ ಮಾತ್ರೆ ಕೊಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ ಇಂಥ ಅರಿವಿನ ಮೇಲೆ ನಿಂತಿತು. ಸಮಾಜಶಾಸ್ತ್ರದ ಉಪಯೋಗಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಇವತ್ತಿನ ಚಿಕಿತ್ಸೆ. ಸಾಮಾನ್ಯ ಟಿಬಿಗೆ ಒಟ್ಟು 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು. ಎಲ್ಲ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ; 35ರಿಂದ 49 ಕಿಲೋ ತೂಕದವರಿಗೆ ದಿನಕ್ಕೆ 3, 50ರಿಂದ 64 ಕಿಲೋದವರಿಗೆ 4. ಕಾಗದದ ಮೇಲೆ ಇದು ಸರಳ. ಮನೆಯಲ್ಲಿ ಎಡವುವುದು ಹೀಗೆ. ಮಾತ್ರೆ ಎಂದರೆ ‘ಮೂರು ಹೊತ್ತು’ ಎಂಬುದು ನಮ್ಮ ರೂಢಿ, ಹಾಗಾಗಿ ಒಟ್ಟಿಗೇ ನುಂಗಬೇಕಾದ ಮೂರನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಹಂಚಿಬಿಡುವುದುಂಟು. ಈ ಔಷಧಿಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆಗೆಂಪು ಆಗುತ್ತದೆ. ಮೊದಲೇ ಹೇಳಿರದಿದ್ದರೆ ರೋಗಿ ಅದನ್ನು ರಕ್ತ ಎಂದೋ, ‘ಮಾತ್ರೆ ತುಂಬಾ ಹೀಟು’ ಎಂದೋ ತಿಳಿದು ನಿಲ್ಲಿಸುತ್ತಾರೆ. ಎರಡನೇ ತಿಂಗಳ ಹೊತ್ತಿಗೆ ಕೆಮ್ಮು, ಜ್ವರ ಹೋಗಿ ಹಸಿವು ಮರಳಿರುತ್ತದೆ. ವಾಸಿಯಾದ ಮೇಲೆ ಔಷಧಿ ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಇದನ್ನು ಅಜ್ಞಾನ ಎಂದು ಬರೆದುಕೊಂಡರೆ ಅಲ್ಲಿಗೆ ಮಾತು ಮುಗಿಯಿತು.

‘ಮಾತ್ರೆ ಸರಿಯಾಗಿ ತಗೋತಿದ್ದೀರಾ?’ ಎಂದರೆ ‘ಹೂಂ ಡಾಕ್ಟ್ರೇ’ ಎಂಬ ಉತ್ತರವೇ ಬರುತ್ತದೆ, ದೊಡ್ಡವರ ಎದುರು ಇಲ್ಲ ಅನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ‘ಮಾತ್ರೆ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿವೆ? ನಿನ್ನೆ ಊಟಕ್ಕೆ ಮುಂಚೆ ತಗೊಂಡ್ರಾ, ಆಮೇಲಾ? ತಗೊಂಡ ಮೇಲೆ ಹೊಟ್ಟೆ ತೊಳೆಸಿತಾ?’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ಸೂಚಿಸಿದ ಪ್ರಶ್ನೆಗಳು ಇದಕ್ಕೂ ಆಳಕ್ಕೆ ಹೋಗುತ್ತವೆ. ನಮ್ಮ ಮಾತಿನಲ್ಲಿ: ಇದು ಯಾಕೆ ಬಂತು ಅಂತ ನಿಮಗನ್ನಿಸುತ್ತೆ? ಇದರಿಂದ ಏನು ತೊಂದರೆಯಾಗಿದೆ? ಎಲ್ಲಕ್ಕಿಂತ ಹೆಚ್ಚು ಭಯ ಯಾವುದಕ್ಕೆ? ಈ ಕೊನೆಯದಕ್ಕೆ ‘ಮಗಳ ಸಂಬಂಧ ಮುರಿದುಹೋದೀತು’ ಎಂಬ ಉತ್ತರ ಬಂದರೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುವುದನ್ನು ಅವರು ಯಾಕೆ ಬೇಡ ಅನ್ನುತ್ತಿದ್ದರು ಎಂಬುದು ತಿಳಿಯುತ್ತದೆ. ಆಗ ಮಾತ್ರೆ ಕೊಡುವ ಜಾಗ ಬದಲಾಯಿಸಬಹುದು.

ಒಂದು ಎಚ್ಚರಿಕೆ. ಈ ಪ್ರಶ್ನೆಗಳನ್ನು ಫಾರಂ ಭರ್ತಿ ಮಾಡುವಂತೆ ಕೇಳಿದರೆ ಪ್ರಯೋಜನವಿಲ್ಲ. ಹಾಗೆಯೇ, ಸಹಾನುಭೂತಿ ಪರೀಕ್ಷೆಗೆ ಬದಲಿಯಲ್ಲ. ‘ಮೂತ್ರ ಕೆಂಪಗಿದೆ’ ಎಂದವರಿಗೆ ಧೈರ್ಯ ಹೇಳುವ ಮುಂಚೆ ಕಣ್ಣಿನ ಬಿಳಿಭಾಗ ನೋಡಲೇಬೇಕು. ಕಣ್ಣು ಹಳದಿಯಾಗಿ, ವಾಂತಿಯೂ ಇದ್ದರೆ ಔಷಧಿ ಯಕೃತ್ತಿಗೆ ಪೆಟ್ಟು ಕೊಟ್ಟಿರಬಹುದು. ಆಗ ಅದೇ ದಿನ ಮಾತ್ರೆ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು.

2019ರಿಂದ ನಮ್ಮ ಎಂಬಿಬಿಎಸ್ ಪಠ್ಯದಲ್ಲಿ ನಡವಳಿಕೆ, ನೀತಿ, ಸಂವಹನ ಕಲಿಸುವ ‘ಎಟ್‌ಕಾಮ್’ ಸೇರಿದೆ. ಅದನ್ನು ಲೆಕ್ಚರ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ವಿದ್ಯಾರ್ಥಿಯನ್ನು ಔಷಧಿ ಕೊಡುವ ಕಿಟಕಿಯ ಹೊರಗೆ ಒಂದು ಬೆಳಿಗ್ಗೆ ನಿಲ್ಲಿಸಿ. ಮಾತ್ರೆ ಪಡೆದು ಬಂದ ಹತ್ತು ಜನರನ್ನು ‘ಇದನ್ನ ಹೇಗೆ ತಗೋಬೇಕು ಅಂತ ಹೇಳಿದ್ರು?’ ಎಂದು ಕೇಳಿ, ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದು ತರಲಿ.