ನಾಲೆ ಡ್ರಾಪ್‌ಗೆ ಟರ್ಬೈನ್ ಇಡುವುದು ಬೇರೆ, ಹೊಳೆಗೆ ಒಡ್ಡು ಕಟ್ಟುವುದು ಬೇರೆ

ಅಣ್ಣ, ನೀವು ಎರಡು ವಿಷಯ ಒಟ್ಟಿಗೆ ಕೇಳಿದ್ದೀರಿ. ಗದ್ದೆ ಪಕ್ಕದ ಉಪನಾಲೆಯಲ್ಲಿ ಐದಡಿ ಡ್ರಾಪ್, ಅಂದರೆ ನೀರು ಧುಮುಕುವ ಮೆಟ್ಟಿಲು ಇದೆ, ಅಲ್ಲಿ ಟರ್ಬೈನ್ ಇಟ್ಟು 5 ಎಚ್‌ಪಿ ಮೋಟರ್ ಓಡಿಸಬಹುದಾ ಅಂತ ಒಂದು. ಊರ ಹತ್ತಿರ ಹೊಳೆಗೆ ಮಿನಿ ಹೈಡೆಲ್ (ಸಣ್ಣ ಜಲವಿದ್ಯುತ್ ಯೋಜನೆ) ಬರುತ್ತಂತೆ, "ಚಿಕ್ಕದು, ಹೊಗೆ ಇಲ್ಲ, ಏನೂ ಆಗಲ್ಲ" ಅಂತ ಜಮೀನು ಕೇಳುತ್ತಿದ್ದಾರೆ, ಕೊಡಬಹುದಾ ಅಂತ ಇನ್ನೊಂದು.

ಮೊದಲು ನಾಲೆ. ನೇರವಾಗಿ ಹರಿಯುವ ಕಡೆ 10 ಮೀಟರ್ ಅಳೆದು ಎರಡು ಕಡ್ಡಿ ನೆಡಿ. ಒಂದು ತೆಂಗಿನಕಾಯಿ ತೇಲಿಬಿಟ್ಟು ಸೆಕೆಂಡ್ ಎಣಿಸಿ, ನಾಲ್ಕೈದು ಸಲ. ನೀರಿನ ಅಗಲ 1 ಮೀಟರ್, ಆಳ ಅರ್ಧ ಮೀಟರ್, ಕಾಯಿ ದಾಟಲು 20 ಸೆಕೆಂಡ್ ಅಂದುಕೊಳ್ಳಿ. ತಳದಲ್ಲಿ ನೀರು ನಿಧಾನ, ಅದಕ್ಕೆ ಐದರಲ್ಲಿ ಒಂದು ಪಾಲು ಕಳೆದರೆ ಸೆಕೆಂಡಿಗೆ ಸುಮಾರು 200 ಲೀಟರ್. ಇದನ್ನು ಡ್ರಾಪ್‌ನ 1.5 ಮೀಟರ್‌ನಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ (ಗುರುತ್ವದ ಲೆಕ್ಕ 9.8, ಅದರಲ್ಲಿ ಸುಮಾರು ಅರ್ಧ ಯಂತ್ರದಲ್ಲಿ ನಷ್ಟ). 1,500 ವ್ಯಾಟ್ ಬಂತು. ಅಂದರೆ ಎರಡು ಎಚ್‌ಪಿ. ನಿಮ್ಮ ಮೋಟರಿಗೆ 3.7 ಕಿಲೋವ್ಯಾಟ್ ಬೇಕು, ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ಓಡಲ್ಲ.

ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 36 ಯೂನಿಟ್, ಮನೆಗೆ ಧಾರಾಳ ಆಯಿತು. ಆದರೆ ನಾಲೆಯಲ್ಲಿ ನೀರಿರುವಾಗ ಮಾತ್ರ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರಿನ ಕಾಲದಲ್ಲಿ ಏನು ಮಾಡುತ್ತೀರಿ? ನಾಲೆ ಹರಿಯುವಾಗ ಗದ್ದೆಗೆ ಮೋಟರ್ ಬೇಕಿಲ್ಲ, ಮೋಟರ್ ಬೇಕಾದಾಗ ನಾಲೆ ಒಣಗಿರುತ್ತೆ. ಬೇಸಿಗೆಗೆ ಸೋಲಾರ್ ಪಂಪ್ ವಾಸಿ. ಆದರೂ ಇಡಲೇಬೇಕು ಅಂದರೆ ನೀರಾವರಿ ನಿಗಮದ ಒಪ್ಪಿಗೆ ತಗೊಳ್ಳಿ, ಜೊಂಡು-ಬಾಟಲಿ ತಡೆಯಲು ಜಾಲರಿ ಹಾಕಿ. ಪರಿಸರದ ಚಿಂತೆ ಇಲ್ಲಿ ಕಮ್ಮಿ. ನೀರು ಮೊದಲೇ ಬೀಳುತ್ತಿತ್ತು, ನಾಲ್ಕು ಹೆಜ್ಜೆ ಆಚೆ ಅದೇ ನಾಲೆಗೆ ಸೇರುತ್ತೆ.

ಹೊಳೆಯ ಮಾತು ಹಾಗಲ್ಲ. "ದೊಡ್ಡ ಅಣೆಕಟ್ಟು ಇಲ್ಲ, ಹರಿಯುವ ನೀರಲ್ಲೇ ಕರೆಂಟ್" ಅನ್ನುವುದು ನಿಜ. ಆದರೆ ಒಡ್ಡು ಕಟ್ಟಿ, ನೀರನ್ನು ಕಾಲುವೆಗೋ ಪೈಪಿಗೋ ತಿರುಗಿಸಿ, ಎಷ್ಟೋ ದೂರ ಕೆಳಗೆ ಬಿಡುತ್ತಾರೆ. ನಡುವಿನ ಹೊಳೆ? ಅಂಥ ಒಂದು ಕಡೆ ಏಪ್ರಿಲ್‌ನಲ್ಲಿ ನಾನು ನಡೆದಿದ್ದೇನೆ. ಬಂಡೆ ಸಂದುಗಳಲ್ಲಿ ಮೊಣಕಾಲುದ್ದದ ಗುಂಡಿಗಳು, ನೀರು ಕೈಗೆ ಬಿಸಿ, ಪಾಚಿ ನಾತ. ಬೆರಳುದ್ದದ ಮೀನುಗಳು ಬಾಯಿ ಮೇಲೆತ್ತಿಕೊಂಡು ಒಂದೇ ಮೂಲೆಯಲ್ಲಿದ್ದವು. ನೋಡಿ ಹೊಟ್ಟೆ ಉರಿಯಿತು. ನೇತ್ರಾವತಿ ಕಣಿವೆಯ ಸಣ್ಣ ಯೋಜನೆಗಳ ಅಧ್ಯಯನದಲ್ಲೂ ಇದೇ ಕಂಡಿದೆ: ನೀರು ಬಿಸಿಯಾಗುತ್ತೆ, ಆಮ್ಲಜನಕ ಇಳಿಯುತ್ತೆ, ಮೀನಿನ ಜಾತಿಗಳೇ ಬದಲಾಗುತ್ತವೆ. ನಮ್ಮ ಕಾವೇರಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಯಲ್ಲಿದೆ. ಅದಕ್ಕೆ ಹರಿಯುವ ನೀರೇ ಬೇಕು.

ಕರೆಂಟ್ ಬೇಡ ಅನ್ನುತ್ತಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು, ಅದು ನಮ್ಮ ಹೆಮ್ಮೆ. ಆದರೆ ಬೇಸಿಗೆಯಲ್ಲಿ ಅಲ್ಲಿಗೆ ನೀರು ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಲು ಅದೂ ಒಂದು ಕಾರಣ. ಒಡ್ಡಿನ ಹಿಂದೆ ನೀರು ಕೂಡಿಡದ ಯೋಜನೆ ಬೇಸಿಗೆಯಲ್ಲಿ, ಕರೆಂಟ್ ತುಂಬಾ ಬೇಕಾದಾಗಲೇ, ಕೈಕೊಡುತ್ತೆ.

ಇನ್ನೊಂದು. 25 ಮೆಗಾವ್ಯಾಟ್‌ಗಿಂತ ಕಮ್ಮಿ ಇದ್ದರೆ 2006ರ ಕೇಂದ್ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿಯೇ ಬೇಕಿಲ್ಲ. ಹಾಗಾಗಿ ಕೇಳುವವರು ನೀವೇ ಆಗಬೇಕು. ಒಡ್ಡಿನಿಂದ ನೀರು ವಾಪಸ್ ಸೇರುವ ಜಾಗಕ್ಕೆ ಎಷ್ಟು ದೂರ? ಮಾರ್ಚ್‌ನಿಂದ ಮೇವರೆಗೆ ಆ ನಡುವೆ ಎಷ್ಟು ನೀರು ಬಿಡುತ್ತಾರೆ, ಅದನ್ನು ಅಳೆಯುವವರು ಯಾರು? ಆ ಭಾಗದಲ್ಲಿ ಎಷ್ಟು ಪಂಪ್‌ಸೆಟ್ ಇವೆ, ಎಮ್ಮೆ ಎಲ್ಲಿ ಇಳಿಯುತ್ತವೆ? ಸಂಜೆ ಒಮ್ಮೆಲೇ ನೀರು ಬಿಟ್ಟರೆ ಕೆಳಗೆ ಬಟ್ಟೆ ಒಗೆಯುವವರಿಗೆ ಸೈರನ್ ಇರುತ್ತಾ? ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಯೋಜನೆಯ ನಕ್ಷೆ ಸಿಕ್ಕರೆ ಇಲ್ಲೇ ಹಾಕಿ. ಎಷ್ಟು ದೂರ ಹೊಳೆ ಒಣಗುತ್ತೆ ಅಂತ ಕೂತು ನೋಡೋಣ.